ಎಡಗಣ್ಣಿಗೆ ಕೆಲಸ ಕೊಡಿ

ಬನ್ನಿಮಂಟಪ, ಮೈಸೂರು
14 ಜೂನ್ 1998, ಭಾನುವಾರ

ಪುಟ್ಟಸ್ವಾಮಿಯವರಿಗೆ,

ಯಾರು ಏನು ಮಾತು ಕೊಟ್ಟಿದ್ದರು, ಅದರಲ್ಲಿ ಏನು ಸಿಕ್ಕಿತು ಅನ್ನುವುದನ್ನು ಮೊದಲು ಬರೆಯುತ್ತೇನೆ. ಸುದ್ದಿ ಆಮೇಲೆ.

ವರ್ಷಿಣಿಯನ್ನು ಸೇರಿಸುವಾಗ ಶಾಲೆಯ ಹೆಡ್‌ಮಾಸ್ಟರು ಹೇಳಿದ್ದು: ಪ್ರತಿ ಜೂನ್‌ನಲ್ಲಿ ಡಾಕ್ಟರು ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲು ನೋಡುತ್ತಾರೆ. ಯಾರೂ ಬರಲಿಲ್ಲ. ಈ ಜೂನ್‌ನಲ್ಲೂ ಇಲ್ಲ.

ಕ್ಲಾಸ್ ಟೀಚರ್ ಮಂಚಮ್ಮ ಹೇಳಿದ್ದು: ಮಗುವಿಗೆ ಏನಾದರೂ ತೊಂದರೆ ಕಂಡರೆ ಕೂಡಲೇ ಹೇಳಿಕಳಿಸುತ್ತೇವೆ. ಪುಸ್ತಕವನ್ನು ಓರೆಯಾಗಿ ಹಿಡಿದು ಓದುತ್ತಾಳಲ್ಲ ಎಂದು ಕೊನೆಗೆ ಕೇಳಿದವಳು ನಾನು. "ಅದೊಂದು ಅಭ್ಯಾಸ ಕಣ್ರೀ, ದೊಡ್ಡೋಳಾದ್ಮೇಲೆ ಹೋಗುತ್ತೆ" ಅಂದರು.

ನಿಮ್ಮ ತಾಯಿ ಹೇಳಿದ್ದು: ನೀನು ಅಚ್ಚಿನ ಪ್ರೆಸ್ಸಿಗೆ ಹೋದಾಗ ಮಗುವಿನ ಮೇಲೆ ಗಮನ ಇಟ್ಟಿರುತ್ತೇನೆ. ಇಟ್ಟೇ ಇದ್ದರು. ಸಾಯಂಕಾಲದ ಹೊತ್ತು ಮಗುವಿನ ಎಡಗಣ್ಣು ಚೂರು ಮೂಗಿನ ಕಡೆಗೆ ಸರಿಯುವುದು ಅವರಿಗೆ ಒಂದು ವರ್ಷದಿಂದ ಗೊತ್ತಿತ್ತು. "ಮಾಲುಗಣ್ಣು ಅದೃಷ್ಟ ಕಣವ್ವ. ಬಾಯ್ಬುಟ್ಟು ಏಳಿದ್ರೆ ದೃಷ್ಟಿಯಾಯ್ತದೆ" ಅಂತ ನನಗೆ ಹೇಳದೆ ಇಟ್ಟುಕೊಂಡಿದ್ದರು.

ನೀವು ಹೇಳಿದ್ದು: ರಾಯಚೂರಿನಲ್ಲಿ ಹತ್ತಿ ಮಿಲ್ ಕೆಲಸಗಾರರ ಸಂಘ ತನ್ನ ಕಾಲ ಮೇಲೆ ನಿಲ್ಲುವವರೆಗೆ ಮಾತ್ರ ಅಲ್ಲಿ, ತಿಂಗಳಿಗೊಮ್ಮೆ ಮನೆ. ಯುಗಾದಿಗೆ ಬಂದು ಹೋದವರು ಇವತ್ತಿನವರೆಗೆ ಬರಲಿಲ್ಲ.

ಈಗ ಸುದ್ದಿ. ಹೋದ ವಾರ ವರ್ಷಿಣಿಯ ಬಲಗಣ್ಣಿನ ರೆಪ್ಪೆಗೆ ಕುರು ಎದ್ದು ಕಣ್ಣು ಪೂರ್ತಿ ಮುಚ್ಚಿಕೊಂಡಿತು. ಬೆಳಿಗ್ಗೆ ಎದ್ದವಳು ಹಾಸಿಗೆಯ ಮೇಲೆ ಕೂತುಕೊಂಡು, "ಅಮ್ಮಾ, ಇನ್ನೂ ಬೆಳಗಾಗಿಲ್ವಾ?" ಅಂದಳು. ಕಿಟಕಿಯಿಂದ ಬಿಸಿಲು ಅವಳ ಮಡಿಲಿಗೇ ಬೀಳುತ್ತಿತ್ತು. ಎದ್ದು ಬಚ್ಚಲಿಗೆ ಹೊರಟವಳು ಬಾಗಿಲಿನ ಚೌಕಟ್ಟಿಗೆ ಹಣೆ ಹೊಡೆದುಕೊಂಡಳು. ಎಡಗಣ್ಣು ಅಗಲವಾಗಿ ತೆರೆದೇ ಇತ್ತು. ಕಪ್ಪಗೆ, ಚೆನ್ನಾಗಿ, ನಿಮ್ಮ ಕಣ್ಣಿನ ಹಾಗೇ ಇತ್ತು. ಅದರಿಂದ ಅವಳಿಗೆ ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ದೊಡ್ಡಾಸ್ಪತ್ರೆಗೆ ಎತ್ತಿಕೊಂಡು ಹೋದೆ. ಕಣ್ಣಿನ ವಿಭಾಗದಲ್ಲಿ ಡಾಕ್ಟರ್ ಸುಷ್ಮಾ ಅಂತ ಇದ್ದಾರೆ. ಡ್ರಾಪ್ಸ್ ಹಾಕಿ, ಟಾರ್ಚು ಹಿಡಿದು, ಬಹಳ ಹೊತ್ತು ನೋಡಿದರು. ಅವರು ಹೇಳಿದ್ದು ಇಷ್ಟು. ಪೊರೆ ಇಲ್ಲ, ಗಾಯ ಇಲ್ಲ, ಒಳಗಿನ ನರ ಸರಿಯಾಗಿದೆ. ಎಡಗಣ್ಣಿಗೆ ಹುಟ್ಟಿನಿಂದ ಜಾಸ್ತಿ ನಂಬರು ಇದೆ, ಅದು ಮಸುಕು ಚಿತ್ರ ಕಳಿಸುತ್ತದೆ. ಬಲಗಣ್ಣು ಸ್ಪಷ್ಟ ಚಿತ್ರ ಕಳಿಸುತ್ತದೆ. ಮಿದುಳು ಸ್ಪಷ್ಟವಾದದ್ದನ್ನು ಇಟ್ಟುಕೊಂಡು ಮಸುಕನ್ನು ಬಿಸಾಡುತ್ತಾ ಬಂದಿದೆ. ಬಿಸಾಡಿ ಬಿಸಾಡಿ ಈಗ ಎಡಗಣ್ಣಿನ ಮಾತು ಕೇಳುವುದನ್ನೇ ಬಿಟ್ಟಿದೆ. ಇದಕ್ಕೆ ಲೇಜಿ ಐ, ಸೋಮಾರಿ ಕಣ್ಣು ಅಂತ ಹೆಸರಂತೆ.

ಔಷಧ: ಕನ್ನಡಕ ಯಾವಾಗಲೂ ಹಾಕಿರಬೇಕು. ಜೊತೆಗೆ ಚೆನ್ನಾಗಿರುವ ಬಲಗಣ್ಣಿಗೆ ಹತ್ತಿಯ ಪಟ್ಟಿ ಅಂಟಿಸಿ, ದಿನಕ್ಕೆ ಆರು ಗಂಟೆ ಮುಚ್ಚಿಡಬೇಕು. ಆ ಹೊತ್ತಿನಲ್ಲಿ ಅವಳು ಬರೆಯಬೇಕು, ಬಣ್ಣ ತುಂಬಬೇಕು, ಸಣ್ಣ ಸಣ್ಣ ಕೆಲಸ ಮಾಡಬೇಕು. ತಿಂಗಳುಗಟ್ಟಲೆ. "ಏಳೆಂಟು ವರ್ಷದೊಳಗೆ ಮಾಡಿದ್ರೆ ಮಿದುಳು ಕೇಳುತ್ತೆ. ಆಮೇಲೆ ಹಟ ಹಿಡಿಯುತ್ತೆ. ನೀವು ಮೂರು ವರ್ಷಕ್ಕೇ ಬರಬೇಕಾಗಿತ್ತು" ಅಂದರು. ನವೆಂಬರಿಗೆ ಇವಳಿಗೆ ಏಳು ತುಂಬುತ್ತದೆ.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದರಿಂದ ಏಳರವರೆಗೆ ಪಟ್ಟಿ. ಊಟದ ಬಿಡುವಿನಲ್ಲಿ ಬಂದು ಪಟ್ಟಿ ನಾನೇ ಹಾಕಿ ಹೋಗುತ್ತೇನೆ, ಆದರೆ ಪ್ರೆಸ್ಸಿನಿಂದ ವಾಪಸು ಬರುವುದು ಆರಕ್ಕೆ. ಅಷ್ಟು ಹೊತ್ತು ಅವಳ ಜೊತೆ ಕೂರುವುದಕ್ಕೆ ಒಬ್ಬರು ಬೇಕು. ಬನ್ನಿ.

ಪ್ರೇಮಲೀಲಾ


ರಾಯಚೂರು
29 ಜೂನ್ 1998

ಪ್ರಿಯ ಪ್ರೇಮಾ,

ನಿನ್ನ ಕಾಗದವನ್ನು ಸಂಘದ ಕಚೇರಿಯಲ್ಲಿ ಎಲ್ಲರೆದುರು ಬಿಚ್ಚಿದೆ, ಅರ್ಧ ಓದಿ ಮಡಚಿ ಜೇಬಿಗಿಟ್ಟುಕೊಂಡೆ. ನಿನ್ನ ಸಿಟ್ಟು ನ್ಯಾಯವಾದದ್ದು. ಆದರೆ ಸಿಟ್ಟಿನಲ್ಲಿ ಪ್ರಶ್ನೆ ಕೇಳುವುದನ್ನು ಮರೆಯಬಾರದು. ನಾವಿಬ್ಬರೂ ಚಳವಳಿಯಲ್ಲಿ ಮೊದಲು ಕಲಿತದ್ದೇ ಅದು.

ಪೊರೆ ಇಲ್ಲ, ಗಾಯ ಇಲ್ಲ, ನರ ಸರಿಯಾಗಿದೆ ಎಂದು ಅವರೇ ಹೇಳುತ್ತಾರೆ. ಸರಿಯಾಗಿರುವ ಕಣ್ಣು ಕಾಣುವುದಿಲ್ಲ ಎಂದೂ ಅವರೇ ಹೇಳುತ್ತಾರೆ. ಇದನ್ನು ನಾನು ಹೇಗೆ ಒಪ್ಪಲಿ? ಒಂದು ಕಣ್ಣು ಪ್ರಾಮಾಣಿಕವಾಗಿ ದುಡಿಯುತ್ತಿದೆ, ಅದನ್ನು ಕಟ್ಟಿಹಾಕಿ ಮಗುವನ್ನು ತಡಕಾಡಿಸುವುದು ಯಾವ ಚಿಕಿತ್ಸೆ? ಮಾರುಕಟ್ಟೆಯ ಬಾಗಿಲು ತೆರೆದ ಮೇಲೆ ನಮಗೆ ಕಾಯಿಲೆಗಳನ್ನೂ ಮಾರುತ್ತಿದ್ದಾರೆ. ಮಕ್ಕಳ ಕನ್ನಡಕ ಇವತ್ತು ದೊಡ್ಡ ವ್ಯಾಪಾರ. ಆ ಹೆಸರನ್ನಾದರೂ ನೋಡು, ಸೋಮಾರಿ! ಇಲ್ಲಿ ಮಿಲ್ ಮಾಲೀಕರು ಹತ್ತಿ ಬಿಡಿಸುವ ಹೆಂಗಸರನ್ನು ಬೈಯುವ ಮಾತು ಅದು. ನನ್ನ ಮಗಳ ಕಣ್ಣಿಗೆ ಆ ಹೆಸರಿಟ್ಟವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಇಲ್ಲಿ ಕೂಲಿ ಒಪ್ಪಂದದ ಮಾತುಕತೆ ನಡೆಯುತ್ತಿದೆ. ಮುಗಿಸಿ ಬರುತ್ತೇನೆ, ಇಬ್ಬರೂ ಕೂತು ಯೋಚಿಸೋಣ. ಅಮ್ಮನಿಗೂ ಬೇರೆ ಕಾಗದ ಹಾಕಿದ್ದೇನೆ. ಮಗುವಿಗೆ ಮುತ್ತು.

ಪುಟ್ಟಸ್ವಾಮಿ


ಬನ್ನಿಮಂಟಪ
12 ಜುಲೈ 1998

ಪುಟ್ಟಸ್ವಾಮಿಯವರಿಗೆ,

ಭಾಷಣ ಚೆನ್ನಾಗಿತ್ತು. ಇದು ಸರ್ಕಾರಿ ಆಸ್ಪತ್ರೆ, ಆ ಡಾಕ್ಟರು ಕನ್ನಡಕ ಮಾರುವುದಿಲ್ಲ. ಆದರೂ ನಿಮ್ಮ ಅನುಮಾನ ನನಗೂ ಬಂತು, ನಾನೂ ನಿಮ್ಮ ಜೊತೆಯಲ್ಲೇ ಕಲಿತವಳು. ಜಯಲಕ್ಷ್ಮಿಪುರಂನಲ್ಲಿ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ, ಮೊದಲ ಚೀಟಿ ತೋರಿಸಲಿಲ್ಲ. ಅವರೂ ಅದನ್ನೇ ಹೇಳಿದರು. ಪ್ರಶ್ನೆ ಕೇಳಿ ಆಯಿತು. ಉತ್ತರ ಬಂದ ಮೇಲೂ ಕೇಳುತ್ತಾ ಕೂರುವುದಕ್ಕೆ ಬೇರೆ ಹೆಸರಿದೆ.

ಸೋಮಾರಿ ಅನ್ನುವ ಹೆಸರು ನನಗೂ ಉರಿಯಿತು. ಡಾಕ್ಟರ ಎದುರೇ ಹೇಳಿದೆ, ಅವರು ನಕ್ಕು "ಹಾಗಾದ್ರೆ ನೀವೇ ಒಂದು ಹೆಸರಿಡಿ" ಅಂದರು. ಹೆಸರು ಗೊತ್ತಿಲ್ಲ, ವಿಷಯ ಗೊತ್ತಿದೆ. ಆ ಕಣ್ಣಿಗೆ ಕೆಲಸ ಸಿಕ್ಕಿಲ್ಲ. ಮಿದುಳು ಅನ್ನುವ ಮೇಸ್ತ್ರಿ ದಿನಾ ಒಂದೇ ಆಳನ್ನು ಒಳಗೆ ಕರೆಯುತ್ತಾನೆ. ಗೇಟಿನ ಹೊರಗೆ ನಿಂತ ಆಳಿಗೆ ವರ್ಷಗಟ್ಟಲೆ ಕರೆ ಬರದಿದ್ದರೆ ಕೈ ಕೆಲಸ ಮರೆಯುತ್ತದೆ. ಒಳಗಿನವನನ್ನು ಆರು ಗಂಟೆ ಮನೆಗೆ ಕಳಿಸಿ ಹೊರಗಿನವನನ್ನು ಕರೆಯಿರಿ ಅನ್ನುವುದು ಈ ಪಟ್ಟಿ. ಇದು ನಿಮಗೆ ಅನ್ಯಾಯವಾಗಿ ಕಂಡಿತೇ? ಹತ್ತು ವರ್ಷ ನೀವು ಮಾಡಿದ್ದು ಇದನ್ನೇ ಅಲ್ಲವೇ?

ನಿಮ್ಮ ಮಗಳ ವಿಷಯ ಕೇಳಿ. ಹೋದ ಭಾನುವಾರ ಪಟ್ಟಿ ಹಾಕಲು ಹೋದರೆ ಮಂಚದ ಕೆಳಗೆ ನುಗ್ಗಿಬಿಟ್ಟಳು. ಅಲ್ಲಿಂದ ಘೋಷಣೆ ಶುರು. "ಬೇಡವೇ ಬೇಡ! ಪಟ್ಟಿ ಬೇಡ!" ಅಜ್ಜಿಗೆ ಅಲ್ಲಿಂದಲೇ ಆಜ್ಞೆ, "ಅಜ್ಜೀ, ನೀನೂ ಕೂಗು." ಅಜ್ಜಿ ಬಾಯಿಗೆ ಸೆರಗು ಹಿಡಿದು ನಗುತ್ತಾ ಕೂತಿದ್ದರು. "ಅಮ್ಮನ ದಬ್ಬಾಳಿಕೆಗೆ!" ಅಂತ ಇವಳು ಕೂಗಿ, ಯಾರೂ ಹೇಳದಿದ್ದಾಗ ತಾನೇ "ಧಿಕ್ಕಾರ!" ಅಂದುಕೊಂಡಳು. ನಾನು ನೆಲದ ಮೇಲೆ ಮಲಗಿ ಮಂಚದಡಿಗೆ ತಲೆ ಹಾಕಿ, "ನಿನ್ನ ಬೇಡಿಕೆ ಏನು ಹೇಳಮ್ಮ" ಅಂದೆ.

"ನಿನ್ ಹತ್ರ ಮಾತಾಡಲ್ಲ. ಮಾತುಕತೆಗೆ ಅಪ್ಪ ಬರ್ಲಿ."

ನಗು ಬಂತು, ಆಮೇಲೆ ಬರಲಿಲ್ಲ. ಬನ್ನಿ.

ಪ್ರೇಮಲೀಲಾ


ರಾಯಚೂರು
24 ಆಗಸ್ಟ್ 1998

ಪ್ರೇಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮಾತುಕತೆ ಮುರಿದುಬಿತ್ತು, ಮುಷ್ಕರ ಶುರುವಾಗಿದೆ. ಜೊತೆಗಿಟ್ಟಿರುವ ಕರಪತ್ರವನ್ನು ನಿಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ ಬಸ್ಸಿಗೆ ಹಾಕು. ಐದನೇ ಬೇಡಿಕೆಯನ್ನು ದಪ್ಪ ಅಕ್ಷರದಲ್ಲಿ ಕೊಡಲು ಪ್ರೆಸ್ಸಿನ ಮಾಲೀಕರಾದ ಷಡಕ್ಷರಿಯವರಿಗೆ ಹೇಳು.

ಮಗು ಹೇಗಿದ್ದಾಳೆ?

ಪುಟ್ಟಸ್ವಾಮಿ


ಬನ್ನಿಮಂಟಪ
4 ಅಕ್ಟೋಬರ್ 1998

ಪುಟ್ಟಸ್ವಾಮಿಯವರಿಗೆ,

ನಿಮ್ಮ ಕರಪತ್ರ ಮುಟ್ಟಿರಬೇಕು. ಅಚ್ಚಿನ ಮೊಳೆ ಜೋಡಿಸಿದವಳು ನಾನೇ. ಐದನೇ ಬೇಡಿಕೆ: ಕಾರ್ಮಿಕರ ಮಕ್ಕಳಿಗೆ ಕಾಲಕಾಲಕ್ಕೆ ಆರೋಗ್ಯ ತಪಾಸಣೆ. ಒಂದೊಂದು ಅಕ್ಷರ ಎತ್ತಿ ಇಡುವಾಗಲೂ ನಿಮ್ಮ ಮುಖಕ್ಕೆ ಎಸೆಯಬೇಕು ಅನ್ನಿಸುತ್ತಿತ್ತು. ದಪ್ಪ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬೇಡಿಕೆ ಸರಿಯಾಗಿದೆ.

ಕಳೆದ ಸೋಮವಾರ ತಪಾಸಣೆಯಿತ್ತು. ಕನ್ನಡಕ ಹಾಕಿ, ಬಲಗಣ್ಣು ಮುಚ್ಚಿ, ಗೋಡೆಯ ಮೇಲಿನ ಬೋರ್ಡು ತೋರಿಸಿದರು. ಎಲ್ಲಕ್ಕಿಂತ ಮೇಲೆ ಅಂಗೈಯಗಲದ ಒಂದೇ ಅಕ್ಷರ ಇರುತ್ತದೆ. ವರ್ಷಿಣಿ ಗೋಡೆ ಕಡೆ ಮುಖ ಮಾಡಿ, "ಯಾವ್ ಬೋರ್ಡು?" ಅಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ಪಟ್ಟಿ ಹಾಕ್ತಿದ್ದೀರೇನಮ್ಮ?" "ದಿನಾ ಆರು ಗಂಟೆ, ಒಂದು ದಿನ ತಪ್ಪಿಸಿಲ್ಲ" ಅಂದೆ. ಅವರು ಪೆನ್ನು ಮತ್ತೆ ಎತ್ತಿಕೊಂಡರು. ಸುಳ್ಳು ಹೇಳುವ ತಾಯಂದಿರನ್ನು ಎಷ್ಟು ಜನರನ್ನು ನೋಡಿದ್ದಾರೋ, ನನ್ನನ್ನೂ ಆ ಸಾಲಿನಲ್ಲಿ ನಿಲ್ಲಿಸಿಕೊಂಡರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮಗುವಿನ ರಟ್ಟೆ ಹಿಡಿದು ಎಳೆದೆ, ಅದು ಅತ್ತಿತು.

ವಿಜಯದಶಮಿಯ ದಿನ ನಿಮ್ಮ ಊರಿನಿಂದ ನೆಂಟರೆಲ್ಲ ಪಂಜಿನ ಕವಾಯತು ನೋಡಲು ಬಂದಿದ್ದರು. ಜುಲೈನಿಂದ ಭಾನುವಾರವೂ ಪ್ರೆಸ್ಸಿಗೆ ಹೋಗುತ್ತಿದ್ದೆ, ಅವತ್ತು ಮಾತ್ರ ರಜೆ, ಪಟ್ಟಿ ಹಾಕಿದ ಮೇಲೂ ನಾನು ಮನೆಯಲ್ಲೇ ಇದ್ದೆ. ಸಾಯಂಕಾಲ ಬಿಚ್ಚಿದಾಗ ಪ್ಲಾಸ್ಟರು ಹುಬ್ಬಿನ ಕೂದಲು ಕಿತ್ತುಕೊಂಡೇ ಬಂತು, ಮಗು ಚೀರಿಕೊಂಡಳು, ಚರ್ಮ ಕೆಂಪಗಾಯಿತು. ಮಾರನೆಯ ದಿನ ನಾನು ಕೆಲಸಕ್ಕೆ ಹೋಗಿ ಬಂದು ಬಿಚ್ಚಿದರೆ ಎಲೆಯ ಹಾಗೆ ಕಳಚಿಕೊಂಡಿತು. ಮೂರು ತಿಂಗಳಿಂದ ಹಾಗೇ ಕಳಚಿಕೊಳ್ಳುತ್ತಿತ್ತು, ಪ್ಲಾಸ್ಟರು ಒಳ್ಳೆಯದು ಅಂದುಕೊಂಡಿದ್ದೆ. ಈ ಸಲ ದೀಪದ ಹತ್ತಿರ ಹಿಡಿದು ನೋಡಿದೆ. ಪಟ್ಟಿಯ ಅಂಚಿನಲ್ಲಿ ಒಂದು ಅನ್ನದ ಅಗುಳು ಒಣಗಿ ಅಂಟಿಕೊಂಡಿತ್ತು.

"ಅತ್ತೆ, ಇದೇನು?" ಅಂದೆ. ನಿಮ್ಮ ತಾಯಿ ಒಲೆ ಕಡೆ ತಿರುಗಿದರು. ಉತ್ತರ ಕೊಟ್ಟವಳು ನಿಮ್ಮ ಮಗಳು.

"ಅಜ್ಜಿ ನೀನ್ ಹೋದ್ಮೇಲೆ ಬಿಚ್ತಾಳೆ. ಬರೋ ಹೊತ್ಗೆ ಅಂಟಿಸ್ತಾಳೆ. ಅದು ಅಂಟಲ್ಲ, ಅದ್ಕೇ ಅನ್ನ."

"ಯಾಕತ್ತೆ?"

"ನನ್ ಮಗ ಕಾಗ್ದ ಬರ್ದವ್ನೆ ಕಣವ್ವ. ನಾ ಬರಗಂಟ ಮಗೀಗೆ ಕಷ್ಟ ಕೊಡ್‌ಬ್ಯಾಡಿ, ಆ ಪಟ್ಟಿ ಕಿತ್ತಾಕಿ ಅಂದವ್ನೆ. ಪಕ್ಕದ್ಮನೆ ಮೋಹನ ಓದಿ ಏಳ್ದ. ಮಗನ ಮಾತ್ ಮೀರ್ಲಾ, ಸೊಸೆ ಮಾತ್ ಮೀರ್ಲಾ? ಎಲ್ಡೂ ಉಳಿಸ್ಕಂಡೆ."

ಎರಡೂ ಉಳಿಸಿಕೊಂಡರು. ಅವರ ಮೇಲೆ ಕೂಗಲು ನನಗೆ ಬಾಯಿ ಬರಲಿಲ್ಲ. ಎಲ್ಲ ಕೂಗೂ ನಿಮಗೇ ಮೀಸಲು.

ನಾನು ದಬ್ಬಾಳಿಕೆ ಮಾಡುವ ಅಮ್ಮ. ನೀವು ಐನೂರು ಕಿಲೋಮೀಟರು ದೂರ ಕೂತು, ಒಂದು ಕಾಗದದಲ್ಲಿ ಮಗುವಿಗೆ ಬಿಡುಗಡೆ ಕೊಡಿಸಿದ ಅಪ್ಪ. ನನಗೆ "ಬಂದು ಯೋಚಿಸೋಣ" ಅಂತ ಬರೆದಿರಿ. ಅವರಿಗೆ "ಕಿತ್ತುಹಾಕಿ" ಅಂತ ಬರೆದಿರಿ. ಮಾಲೀಕರು ಸಂಘದ ಜೊತೆ ಮಾತುಕತೆಗೆ ಕೂತು, ಹಿಂದಿನ ಬಾಗಿಲಿಂದ ಕೆಲಸಗಾರರಿಗೆ ಬೇರೆ ಕಾಗದ ಕಳಿಸಿದರೆ ಅದಕ್ಕೆ ನೀವು ಏನಂತ ಕರೆಯುತ್ತೀರಿ?

ಜುಲೈ, ಆಗಸ್ಟ್, ಸೆಪ್ಟೆಂಬರ್. ಈ ಮೂರು ತಿಂಗಳನ್ನು ಯಾವ ಮುಷ್ಕರ ಮಾಡಿ ವಾಪಸು ತರುತ್ತೀರಿ ಹೇಳಿ.

ನಾಳೆಯಿಂದ ಶಾಲೆ ಬಿಟ್ಟ ಕೂಡಲೇ ಅವಳನ್ನು ದೇವರಾಜ ಮೊಹಲ್ಲಾಕ್ಕೆ, ಪ್ರೆಸ್ಸಿಗೆ ಕರೆದುಕೊಂಡು ಹೋಗುತ್ತೇನೆ. ಷಡಕ್ಷರಿಯವರನ್ನು ಕೇಳಿದೆ. "ಮೊಳೆ ಮುಟ್ಟಕೂಡದು ಕಣಮ್ಮ, ಸೀಸ ಅದು, ಬಾಯಿಗಿಟ್ಟುಕೊಂಡರೆ ಕಷ್ಟ. ಕಟಿಂಗ್ ಮಿಷಿನ್ ಕಡೆ ಸುಳಿಯಕೂಡದು. ಮಿಕ್ಕಂತೆ ನನ್ನ ಮೊಮ್ಮಗಳಿದ್ದಂಗೆ" ಅಂದರು. ಮೇಜು ಬಿಟ್ಟುಕೊಟ್ಟಿದ್ದಾರೆ.

ಪ್ರೇಮಲೀಲಾ


ರಾಯಚೂರು
15 ಅಕ್ಟೋಬರ್ 1998

ಪ್ರೇಮಾ,

ಎರಡು ಸಲ ಬರೆದು ಹರಿದೆ.

ಅಮ್ಮನಿಗೆ ಬರೆದದ್ದು ನಿಜ. ನಿನಗೆ ಹೇಳದೆ ಬರೆದದ್ದೂ ನಿಜ. ನನ್ನ ಕಣ್ಣಮುಂದೆ ಬಂದದ್ದು ಮಗು ಗೋಡೆ ತಡವಿಕೊಂಡು ನಡೆಯುವ ಚಿತ್ರ ಮಾತ್ರ. ಅದನ್ನು ತಡೆಯಲು ಇಲ್ಲಿಂದ ನನ್ನ ಕೈಗೆ ಎಟುಕುತ್ತಿದ್ದದ್ದು ಒಂದು ಕಾಗದ. ಅದನ್ನು ಬಳಸಿದೆ. ಇಲ್ಲಿ ಒಬ್ಬ ಪರಿಚಯದ ಡಾಕ್ಟರನ್ನು ಈಗ ಕೇಳಿದೆ. ಈಗ ಕೇಳಿದೆ ಎಂದು ಬರೆಯುವಾಗ ನಿನ್ನ ಮುಖ ಹೇಗಾಗುತ್ತದೆ ಎಂದು ಗೊತ್ತಿದೆ. ಅವರೂ ನಿನ್ನ ಡಾಕ್ಟರು ಹೇಳಿದ್ದನ್ನೇ ಹೇಳಿದರು.

ನವೆಂಬರ್ 22ಕ್ಕೆ ಅವಳಿಗೆ ಏಳು ತುಂಬುತ್ತದೆ. ಅವತ್ತು ಬರುತ್ತೇನೆ. ಮರುದಿನ ಸೋಮವಾರ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅವಳಿಗೆ ಹೇಳು.

ಪುಟ್ಟಸ್ವಾಮಿ


ಬನ್ನಿಮಂಟಪ
25 ನವೆಂಬರ್ 1998

ಪುಟ್ಟಸ್ವಾಮಿಯವರಿಗೆ,

ನಿಮ್ಮ ತಂತಿ ಭಾನುವಾರ ಸಂಜೆ ಬಂತು. ಹದಿನಾಲ್ಕು ಜನರನ್ನು ಪೊಲೀಸರು ಹಿಡಿದಿದ್ದಾರೆ, ಬಿಟ್ಟು ಬರಲಾರೆ. ಸರಿ. ನಿಮ್ಮ ಕಾರಣಗಳು ಯಾವತ್ತೂ ಒಳ್ಳೆಯ ಕಾರಣಗಳೇ. ಕಷ್ಟ ಇರುವುದೇ ಅಲ್ಲಿ. ನೀವು ಕುಡಿದು ಮಲಗಿದ್ದರೆ ಬೈದು ಮುಗಿಸುತ್ತಿದ್ದೆ.

ನೀವು ಹೇಳು ಅಂದಿರಿ, ಅವಳಿಗೆ ಹೇಳಿದ್ದೆ. ಬೆಳಿಗ್ಗೆಯಿಂದ ಪಟ್ಟಿ ಹಾಕಿಕೊಂಡೇ ಬಾಗಿಲಲ್ಲಿ ಕೂತಿದ್ದಳು. ಗಂಡಸರು ಯಾರು ಹೋದರೂ ಎದ್ದು ನಿಲ್ಲುತ್ತಿದ್ದಳು.

ಸೋಮವಾರ ನಿಮ್ಮ ಬದಲು ನಿಮ್ಮ ತಾಯಿಯನ್ನು ಕರೆದುಕೊಂಡು ಹೋದೆ. ಅವರನ್ನು ವರ್ಷಿಣಿಯ ಪಕ್ಕದ ಸ್ಟೂಲಿನಲ್ಲೇ ಕೂರಿಸಿದರು. ಡಾಕ್ಟರು ಬೋರ್ಡು ತೋರಿಸಿದರು. ಮೇಲಿನ ದೊಡ್ಡ ಅಕ್ಷರವನ್ನು ವರ್ಷಿಣಿ ಓದಿದಳು.  ಎರಡನೇ ಸಾಲು ತೋರಿಸಿದರು. "ಗೊತ್ತಿಲ್ಲ" ಅಂದಳು.

ನಿಮ್ಮ ತಾಯಿ ತಡೆಯಲಾರದೆ ಬಾಯಿ ಹಾಕಿದರು. "ಅಲ್ ಅದಲ್ಲ ಮಗಾ, ಎಲ್ಡು ಕರ್ರಗೆ. ಅದ್ರ ಕೆಳ್ಗೆ ಮೂರದೆ."

"ನಿಮಗೆ ಓದಕ್ಕೆ ಬರುತ್ತಾ ಅಜ್ಜಿ?" ಅಂದರು ಡಾಕ್ಟರು.

"ನಂಗೆಲ್ ಓದಕ್ ಬತ್ತದೆ. ಕಾಣ್ತದೆ." ಅಂದವರು ಸ್ಟೂಲಿನಿಂದ ಎದ್ದರು. ಬೋರ್ಡು ನೋಡಿದರು, ಮೊಮ್ಮಗಳನ್ನು ನೋಡಿದರು. "ನಂಗೆ ಓದಕ್ ಬರಾಕಿಲ್ಲ, ಕಾಣ್ತದೆ. ಇದ್ಕೆ ಓದಕ್ ಬತ್ತದೆ, ಕಾಣಾಕಿಲ್ಲ. ಇದ್ಯಾವ್ ಸೀಮೆ ಅದೃಷ್ಟವ್ವ?"

 ಸಿಟಿ ಬಸ್ಸಿನಿಂದ ಇಳಿಯುವಾಗ, "ನಾಳಿಂದ ಪ್ರೆಸ್ಸು ಗಿಸ್ಸು ಬ್ಯಾಡ, ಮಗಿ ನನ್ ತಾವೇ ಇರ್ಲಿ. ಈಗ ಅವ್ನು ಕಾಗ್ದ ಬರೀಲಿ ನೋಡ್ತೀನಿ" ಅಂದರು. ಎಚ್ಚರಿಕೆ ಕೊಟ್ಟಿದ್ದೇನೆ, ಅವರಿಗೆ ಕಾಗದ ಬರೆಯುವಾಗ ಯೋಚಿಸಿ ಬರೆಯಿರಿ.

ಡಾಕ್ಟರು ನನಗೊಂದು ಮಾತು ಹೇಳಿದರು. "ಜೂನ್‌ನಿಂದ ಸರಿಯಾಗಿ ಹಾಕಿದ್ರೆ ಇಷ್ಟೊತ್ತಿಗೆ ಮೂರು ಸಾಲು ಓದ್ತಿದ್ಲು." ಇದನ್ನು ನಿಮಗೆ ಬರೆಯಬಾರದು ಅಂದುಕೊಂಡಿದ್ದೆ. ಬರೆದೆ.

ಪ್ರೇಮಲೀಲಾ


ರಾಯಚೂರು
20 ಡಿಸೆಂಬರ್ 1998

ಪ್ರೇಮಾ,

ಪೊಲೀಸರು ಹಿಡಿದವರೆಲ್ಲರೂ ಹೊರಗೆ ಬಂದರು. ಒಪ್ಪಂದಕ್ಕೂ ಸಹಿ ಬಿತ್ತು, ಐದನೇ ಬೇಡಿಕೆಯೊಂದನ್ನು ಬಿಟ್ಟು. "ಮುಂದೆ ಪರಿಶೀಲಿಸಲಾಗುವುದು" ಎಂದು ಬರೆದುಕೊಟ್ಟಿದ್ದಾರೆ. ನಾವು ಅದಕ್ಕೆ ಪಟ್ಟು ಹಿಡಿಯಲಿಲ್ಲ.

ಸಭೆ ಮುಗಿದ ಮೇಲೆ ಪುಟ್ಟಲಿಂಗಮ್ಮ ಎಂಬ ಹೆಂಗಸು ಬಂದಳು. ನಮ್ಮ ಕಡೆಯವಳು, ಚಾಮರಾಜನಗರದಿಂದ ಇಲ್ಲಿಗೆ ಮದುವೆಯಾಗಿ ಬಂದವಳು. "ನಿಮ್ ಮಗಳ ಕಣ್ಣು ಎಂಗದೆ ಸಾ?" ಅಂದಳು. ಅವಳಿಗೆ ಹೇಗೆ ಗೊತ್ತೋ. ನಾನು "ಪರವಾಗಿಲ್ಲ" ಅಂದೆ. "ಪರ್ವಾಗಿಲ್ಲ ಅಂದ್ರೆ ಎಷ್ಟು ಕಾಣ್ತದೆ?" ಅಂದಳು. ನನಗೆ ಗೊತ್ತಿರಲಿಲ್ಲ.

ಎಷ್ಟು ಕಾಣುತ್ತದೆ? ಅವಳ ಕೈಯಿಂದಲೇ ಒಂದು ಸಾಲು ಬರೆಸಿ ಕಳಿಸುತ್ತೀಯಾ?

ಪುಟ್ಟಸ್ವಾಮಿ


ಮೈಸೂರು
10-1-99

ಅಪ್ಪನಿಗೆ,

ಇದನ್ನು ಎಡಗಣ್ಣಲ್ಲಿ ಬರೀತಾ ಇದೀನಿ. ಅಮ್ಮ ಗೆರೆ ಹಾಕಿ ಕೊಟ್ಟಿದಾಳೆ. ಗೆರೆ ಕಾಣತ್ತೆ ಆದ್ರೆ ಅಲ್ಲಾಡತ್ತೆ. ಅಜ್ಜಿ ಅವರೆಕಾಳು ಹಿಸುಕೋಕೆ ಕೊಡ್ತಾಳೆ. ಸಿಪ್ಪೆ ಬೇರೆ ಬೇಳೆ ಬೇರೆ. ಫಸ್ಟು ಸಿಪ್ಪೆಯೆಲ್ಲ ಸಾರಿಗೆ ಹೋಗಿತ್ತು. ಈಗ ಹೋಗಲ್ಲ. ಅಜ್ಜಿ ಈಗ ತುಂಬಾ ಸ್ಟ್ರಿಕ್ಟು. ಏಳು ಗಂಟೆ ಹೊಡೆದ ಮೇಲೂ ಇನ್ನೂ ಸ್ವಲ್ಪ ಹೊತ್ತು ಇರ್ಲಿ ಅಂತಾಳೆ. ಡಾಕ್ಟರ್ ಅಜ್ಜಿಗೆ ಬೈದ್ರು. ಜಾಸ್ತಿ ಮುಚ್ಚಿದ್ರೆ ಒಳ್ಳೆ ಕಣ್ಣೂ ಕೆಡತ್ತಂತೆ. ಸ್ಕೂಲಲ್ಲಿ ನಾಗಾರ್ಜುನ ನನ್ನ ಸೋಡಾಬುಡ್ಡಿ ಅಂತಾನೆ. ನಾನು ಹೊಡೆದೆ.

ಗೋಡೆ ಮೇಲೆ ನಿನ್ನ ಫೋಟೋ ಇದೆ. ಪಟ್ಟಿ ಹಾಕಿದಾಗ ಶರಟು ಕಾಣತ್ತೆ. ಮುಖ ಕಾಣಲ್ಲ.

ವರ್ಷಿಣಿ ಪಿ.


ಬನ್ನಿಮಂಟಪ
7 ಫೆಬ್ರವರಿ 1999, ಭಾನುವಾರ

ಪುಟ್ಟಸ್ವಾಮಿಯವರಿಗೆ,

ಅವಳ ಕಾಗದಕ್ಕೆ ನಿಮ್ಮಿಂದ ಉತ್ತರ ಬಂದಿಲ್ಲ. ಏನು ಬರೆಯುವುದು ಅಂತ ನಿಮಗೆ ತೋಚಿಲ್ಲ ಎಂದು ತಿಳಿದುಕೊಂಡಿದ್ದೇನೆ. ಬರೆಯುವುದು ಬೇಡ.

ಎಷ್ಟು ಕಾಣುತ್ತದೆ ಅಂತ ಕೇಳಿದ್ದಿರಿ. ಹೋದ ವಾರ ಮೂರನೇ ಸಾಲು ಪೂರ್ತಿ, ನಾಲ್ಕನೆಯದರಲ್ಲಿ ಅರ್ಧ. ಒಟ್ಟು ಏಳು ಸಾಲು. ಏಳನ್ನೂ ಓದುತ್ತಾಳೆಯೇ ಅಂತ ಡಾಕ್ಟರನ್ನು ಕೇಳಿದೆ. "ಗೊತ್ತಿಲ್ಲಮ್ಮ. ಇನ್ನೂ ಒಂದೆರಡು ಸಾಲು ಬರಬಹುದು. ಬರದೇನೂ ಇರಬಹುದು. ಬಂದದ್ದನ್ನ ಉಳಿಸಿಕೊಳ್ಳೋಕೂ ವರ್ಷಗಟ್ಟಲೆ ನೋಡ್ತಾ ಇರಬೇಕು" ಅಂದರು. ಸುಳ್ಳು ಸಮಾಧಾನ ಹೇಳುವುದಿಲ್ಲ ಅವರು. ಅದಕ್ಕೇ ಅವರ ಮೇಲೆ ನನಗೆ ನಂಬಿಕೆ.

ನಾಗಾರ್ಜುನನ ವಿಷಯ ಅವಳು ಬರೆದಿದ್ದಳಲ್ಲ. ಹೊಡೆತ ತಿಂದ ಹುಡುಗನ ತಾಯಿ, ನಮ್ಮ ಬೀದಿಯವಳೇ, ಜಗಳಕ್ಕೆ ಬಂದಳು. ಪಟ್ಟಿ ಯಾತಕ್ಕೆ ಅಂತ ಅವಳಿಗೆ ತೋರಿಸೋಣ ಅಂತ, ಜಗಳದ ಮಧ್ಯದಲ್ಲೇ ಆ ಹುಡುಗನ ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು, ಎದುರುಮನೆಯ ಬಾಗಿಲಲ್ಲಿ ಎಷ್ಟು ಜನ ನಿಂತಿದ್ದಾರೆ ಹೇಳಪ್ಪ ಅಂದೆ. ಹೇಳಿದ. ಇನ್ನೊಂದು ಕಣ್ಣಿಗೆ ಹಿಡಿದೆ. ಅವನು ನನ್ನ ಕೈ ತಳ್ಳಿಬಿಟ್ಟ. ಮತ್ತೆ ಹಿಡಿದೆ, ಮತ್ತೆ ತಳ್ಳಿದ, ಅಳುವುದಕ್ಕೆ ಶುರು ಮಾಡಿದ. ಅವನ ತಾಯಿ ಜಗಳ ನಿಲ್ಲಿಸಿದಳು. ಅವನಿಗೆ ಐದೂವರೆ. ಡಾಕ್ಟರು ನೋಡಿದರು, ಅವನದೂ ಇದೇ ತೊಂದರೆ. ಈಗ ಅವನಿಗೂ ಪಟ್ಟಿ ಬಿದ್ದಿದೆ, ವರ್ಷಿಣಿ ಅವನಿಗೆ ಅವರೆಕಾಳು ಹಿಸುಕುವುದು ಕಲಿಸುತ್ತಿದ್ದಾಳೆ. ಅವನಿಗೆ ಸಮಯ ಇದೆ. ಇವಳಿಗೆ ಇಲ್ಲದೇ ಹೋದ ಸಮಯ.

ಒಂದು ಬೀದಿಯಲ್ಲಿ ಇಬ್ಬರು. ಶಾಲೆಯಲ್ಲಿ ಎಷ್ಟು ಜನ? ಹೆಡ್‌ಮಾಸ್ಟರ ಹತ್ತಿರ ಏಳು ಜನ ತಾಯಂದಿರು ಹೋದೆವು. "ನೋಡಮ್ಮ, ಮುಂದಿನ ವರ್ಷ ಐದನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ತಪಾಸಣೆ ಇಟ್ಟುಕೊಂಡಿದ್ದೀವಿ. ಚಿಕ್ಕವರು ಬೋರ್ಡು ಸರಿಯಾಗಿ ಓದಲ್ಲ, ಡಾಕ್ಟರಿಗೆ ತೊಂದರೆ" ಅಂದರು. ಐದನೇ ಕ್ಲಾಸಿಗೆ ಹತ್ತು ವರ್ಷ. ಹತ್ತು ವರ್ಷಕ್ಕೆ ನೋಡಿ ಏನು ಮಾಡುತ್ತೀರಿ, ಲೆಕ್ಕ ಬರೆದಿಟ್ಟುಕೊಳ್ಳುತ್ತೀರಾ ಅಂದೆ. "ನೀವು ಸಂಘದವರು, ಎಲ್ಲದಕ್ಕೂ ಹೋರಾಟ ಅಂತೀರಿ" ಅಂದರು. ಹೌದು ಅಂದೆ.

ಮಂಚಮ್ಮ ಟೀಚರು ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹೊರಬಂದಾಗ ನನ್ನ ಕೈ ಹಿಡಿದುಕೊಂಡು, "ಒಂದನೇ ಕ್ಲಾಸಿನೋರ್ನ ಅಂಗಳದಲ್ಲಿ ಸಾಲಾಗಿ ನಿಲ್ಲಿಸೋದು ನನ್ನ ಜವಾಬ್ದಾರಿ ಕಣ್ರೀ, ಅವರು ಏನಾದ್ರೂ ಅಂದ್ಕೊಳ್ಳಲಿ" ಅಂದರು. ಡಾಕ್ಟರ್ ಸುಷ್ಮಾ ತಮ್ಮ ರಜೆಯ ದಿನ ಬರಲು ಒಪ್ಪಿದ್ದಾರೆ. ಓದಲು ಬಾರದ ಮಕ್ಕಳಿಗೆ ಚಿತ್ರದ ಬೋರ್ಡು ತರುತ್ತಾರೆ. ಹೆಡ್‌ಮಾಸ್ಟರು ಗೇಟಿಗೆ ಬೀಗ ಹಾಕಿದರೆ ಗೇಟಿನ ಹೊರಗೆ ನೋಡುತ್ತಾರೆ. ಕರಪತ್ರ ನಾನು ಜೋಡಿಸಿದ್ದೇನೆ, ಷಡಕ್ಷರಿಯವರು ಅಚ್ಚು ಹಾಕಿ ಕೊಟ್ಟರು. ಒಂದೇ ಬೇಡಿಕೆ: ಒಂದನೇ ಕ್ಲಾಸಿಗೆ ಸೇರುವ ಪ್ರತಿ ಮಗುವಿನ ಎರಡೂ ಕಣ್ಣು, ಒಂದೊಂದಾಗಿ ಮುಚ್ಚಿ, ಪ್ರತಿ ಜೂನ್‌ನಲ್ಲಿ ನೋಡಬೇಕು. ಪರಿಶೀಲಿಸಲಾಗುವುದು ಅನ್ನುವ ಉತ್ತರಕ್ಕೆ ನಾವು ಸಹಿ ಹಾಕುವುದಿಲ್ಲ.

ನಿಮಗೆ ಅಲ್ಲಿ ಭಾಷಣ ಇಲ್ಲ. ಮೈಕೂ ಇಲ್ಲ. ನಿಮಗೆ ಕೆಲಸ ಒಂದೇ. ವರ್ಷಿಣಿ ಅವತ್ತು ಮನೆಯಿಂದಲೇ ಪಟ್ಟಿ ಹಾಕಿಕೊಂಡು ಬರುತ್ತಾಳೆ, ಚಿಕ್ಕ ಮಕ್ಕಳು ಹೆದರದ ಹಾಗೆ ಎಲ್ಲರಿಗಿಂತ ಮುಂದೆ ನಿಲ್ಲಲು ಒಪ್ಪಿದ್ದಾಳೆ. ನೀವು ಬರುವ ವಿಷಯ ಅವಳಿಗೆ ಹೇಳುವುದಿಲ್ಲ. ಒಂದು ಸಲ ಹೇಳಿ ಸಾಕಾಗಿದೆ. ಬಂದರೆ ಗೇಟಿನ ಬಲಗಡೆ, ಹೊಂಗೆ ಮರದ ಹತ್ತಿರ ನಿಂತಿರಿ. ಕೂಗಬೇಡಿ. ಕೆಮ್ಮಬೇಡಿ. ನಿಮ್ಮ ದನಿ ಕೇಳಿದರೆ ಕಣ್ಣಿಗೆ ಕೆಲಸವೇ ಇರುವುದಿಲ್ಲ. ಅಷ್ಟು ಜನರ ನಡುವೆ ನಿಮ್ಮ ಮುಖ ಯಾವುದು ಅಂತ ಆ ಕಣ್ಣೇ ಹುಡುಕಲಿ. ಸಿಗದಿದ್ದರೆ ಒಂದು ಹೆಜ್ಜೆ ಹತ್ತಿರ ಬನ್ನಿ. ಆಗಲೂ ಸಿಗದಿದ್ದರೆ ಇನ್ನೊಂದು. ಎಷ್ಟು ಹತ್ತಿರ ಬಂದ ಮೇಲೆ ಸಿಕ್ಕಿತು ಅನ್ನುವುದನ್ನು ನೀವೇ ನಿಂತು ನೋಡಿ.

ಫೆಬ್ರವರಿ ಇಪ್ಪತ್ತು, ಶನಿವಾರ. ಬೆಳಿಗ್ಗೆ ಹನ್ನೊಂದೂವರೆಗೆ, ಶಾಲೆ ಬಿಡುವ ಹೊತ್ತಿಗೆ.

ಪ್ರೇಮಲೀಲಾ